ಏಳನೇ ಕುಟೀರದ ಎರಡನೇ ಅತಿಥಿ

ನಮ್ಮ ಕಾಬ್ರಿ ದ್ವೀಪದಲ್ಲಿ ದುಬಾರಿ ಹೋಟೆಲುಗಳು ಮೂರೇ ಮೂರು. ಅವುಗಳಲ್ಲಿ ಯಾವುದು ತುಂಬಬೇಕು, ಯಾವುದು ನೊಣ ಹೊಡೆಯುತ್ತ ಕೂರಬೇಕು ಎಂಬುದನ್ನು ಇಪ್ಪತ್ತಾರು ವರ್ಷ ತೀರ್ಮಾನಿಸಿದವಳು ಯೂಲಾಲಿ ಕ್ವಾಶಿ ಎಂಬ ಟ್ಯಾಕ್ಸಿಯವಳು. ಹೋಟೆಲಿನವರು ಬಣ್ಣಬಣ್ಣದ ಪುಸ್ತಕ ಅಚ್ಚು ಹಾಕಿಸಿ ದೇಶದೇಶಕ್ಕೆ ಕಳಿಸುತ್ತಿದ್ದರು. ಅದನ್ನು ಕೈಯಲ್ಲಿ ಹಿಡಿದು ಹಡಗಿನಿಂದ ಇಳಿದವರು ಜೆಟ್ಟಿಯ ಮೇಲೆ ನಿಂತು ಕೊನೆಗೆ ಕೇಳುತ್ತಿದ್ದುದು ಇವಳನ್ನೇ: "ಇಲ್ಲಿ ಎಲ್ಲಕ್ಕಿಂತ ಒಳ್ಳೆ ಜಾಗ ಯಾವುದಮ್ಮ?"

ಯೂಲಾಲಿ ಉತ್ತರ ಕೊಡುತ್ತಿರಲಿಲ್ಲ. "ಮೊದಲು ಗಾಡಿ ಹತ್ತಿ" ಎನ್ನುತ್ತಿದ್ದಳು. ಮೂರು ಹೋಟೆಲನ್ನೂ ಮಟಮಟ ಮಧ್ಯಾಹ್ನ ತೋರಿಸುತ್ತಿದ್ದಳು. ಸಂಜೆ ಕರೆದುಕೊಂಡು ಹೋಗು ಎಂದು ಹೋಟೆಲಿನವರು ಎಷ್ಟು ಗೋಗರೆದರೂ ಕೇಳುತ್ತಿರಲಿಲ್ಲ. "ಸೂರ್ಯ ಮುಳುಗೋ ಹೊತ್ತಲ್ಲಿ ನಮ್ಮ ಹಂದಿಗೂಡೂ ಚಂದ ಕಾಣತ್ತೆ" ಎನ್ನುವುದು ಅವಳ ವಾದ. ಕೋಣೆಗೆ ಹೋದಮೇಲೆ ಬಂದವರನ್ನು ಚಪ್ಪಲಿ ಬಿಡಿಸಿ ಹಾಸಿಗೆಯ ಮೇಲೆ ಮಲಗಿಸುತ್ತಿದ್ದಳು. ದೊಡ್ಡ ದೊಡ್ಡ ಮನುಷ್ಯರು, ಬ್ಯಾಂಕು ಕಟ್ಟಿಸಿದವರು, ಇವಳು ಹೇಳಿದಂತೆ ಕಣ್ಣು ಮುಚ್ಚಿಕೊಂಡು ಮಲಗುತ್ತಿದ್ದರು. ಇವಳು ನೂರು ಎಣಿಸುವಷ್ಟರಲ್ಲಿ ಜನರೇಟರಿನ ಗುರುಗುರು ಕಿವಿಗೆ ಬಿದ್ದರೆ ಆ ಕೋಣೆಯ ಕಥೆ ಮುಗಿಯಿತು.

ಕಡೆಯದಾಗಿ ಅವರನ್ನು ಹಿತ್ತಲಿಗೆ, ಬಟ್ಟೆ ಒಗೆಯುವ ಕಡೆಗೆ ಕರೆದೊಯ್ಯುತ್ತಿದ್ದಳು. "ಒಗೆಯೋರು ಹಾಡ್ತಿದ್ರೆ ಕಣ್ಣುಮುಚ್ಚಿ ಉಳ್ಕೊಳ್ಳಿ. ಬರೀ ಮಾತಾಡ್ತಿದ್ರೂ ಪರವಾಗಿಲ್ಲ. ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಮಾತ್ರ ನನ್ನ ಗಾಡಿ ಹತ್ತಿ." ಇದೆಂಥ ಪರೀಕ್ಷೆ ಎಂದು ನಗುವವರು ನಗಲಿ. ಅವಳು ಆರಿಸಿಕೊಟ್ಟ ಜಾಗದಲ್ಲಿ ಉಳಿದು ಗೊಣಗಿಕೊಂಡು ಹೋದವರನ್ನು ನಾನಂತೂ ನೋಡಿಲ್ಲ.

ನಾನು ಆಲ್ಸ್ಟಿನ್, ಮೂರರಲ್ಲಿ ಅತಿ ದುಬಾರಿಯ ಹೋಟೆಲಿನಲ್ಲಿ ಸಾಮಾನು ಹೊರುವವನು. ಅದಕ್ಕೊಂದು ಮಾರುದ್ದದ ಹೆಸರಿದೆ. ನಮಗೆಲ್ಲ ಅದು 'ಪಾಯಿಂಟ್' ಅಷ್ಟೇ. ಕಡಲಿಗೆ ಚಾಚಿಕೊಂಡ ದಿಬ್ಬದ ಮೇಲೆ ಹನ್ನೆರಡು ಕುಟೀರ. ಅವುಗಳಲ್ಲೆಲ್ಲ ಮೇಲಾದದ್ದು ಏಳನೆಯದು. ಅದರ ಪಕ್ಕಕ್ಕೆ ಹಲಸಿನ ಜಾತಿಯ ಒಂದು ಹಳೆಯ ಜೀಗುಜ್ಜೆ ಮರ. ಯೂಲಾಲಿ ಪಾಯಿಂಟಿಗೆ ಜನರನ್ನು ಕರೆತಂದರೂ ಏಳನೇ ಕುಟೀರವನ್ನು ಮಾತ್ರ ಯಾರಿಗೂ ಆರಿಸಿಕೊಡುತ್ತಿರಲಿಲ್ಲ. "ಜೀಗುಜ್ಜೆ ಕಾಯಿ ಸೂರಿನ ಮೇಲೆ ಬೀಳತ್ತೆ, ಎದೆ ಒಡ್ಕೊಳತ್ತೆ" ಎನ್ನುತ್ತಿದ್ದಳು. ಆ ಮರ ಸೂರಿನಿಂದ ಇಪ್ಪತ್ತು ಹೆಜ್ಜೆ ಆಚೆಗಿದೆ. ಅಲ್ಲಿಂದ ಹಾರಿ ಬಂದು ಸೂರಿಗೆ ಬೀಳಲು ಕಾಯಿಗೆ ರೆಕ್ಕೆ ಬೇಕು. ನನಗೆ ಅಸಲು ಕಾರಣ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಮ್ಯಾನೇಜರ್ ಪ್ರೆಂಟಿಸ್ ಒಬ್ಬನೇ.

ಏಳನೇ ಕುಟೀರ ನಿಂತಿರುವ ಜಾಗದಲ್ಲಿ ಹಿಂದೆ ಯೂಲಾಲಿಯ ತಾಯಿಯ ತವರುಮನೆಯಿತ್ತು. ಮಾ ಕ್ಲೆಮಿ ಎಂದು ನಾವೆಲ್ಲ ಕರೆಯುತ್ತಿದ್ದ ಆ ತಾಯಿ ಹುಟ್ಟಿದ್ದು ಅಲ್ಲೇ. ಅವಳ ಹೊಕ್ಕುಳಬಳ್ಳಿ ಹೂತದ್ದು ಅದೇ ಜೀಗುಜ್ಜೆಯ ಬುಡದಲ್ಲಿ. ಪರದೇಶದಲ್ಲಿದ್ದ ಅವಳ ಅಣ್ಣ ಯಾರನ್ನೂ ಕೇಳದೆ ಒಂದು ಕಾಗದಕ್ಕೆ ರುಜು ಹಾಕಿದ. ದಿಬ್ಬ ಹೋಯಿತು, ಮನೆ ಹೋಯಿತು. ಹೋಟೆಲು ಎದ್ದಮೇಲೆ ಮಾ ಕ್ಲೆಮಿ ಅಲ್ಲಿಗೇ ಒಗೆಯುವ ಕೆಲಸಕ್ಕೆ ಸೇರಿದಳು. ತಾನು ಹುಟ್ಟಿದ ಜಾಗದಲ್ಲಿ ಪರದೇಶಿಗಳು ಮಲಗಿ ಎದ್ದ ಹಾಸಿಗೆಯ ಬಟ್ಟೆಯನ್ನು ಹದಿನೆಂಟು ವರ್ಷ ಒಗೆದಳು. ಆ ಹದಿನೆಂಟು ವರ್ಷದಲ್ಲಿ ಪಾಯಿಂಟಿನ ಹಿತ್ತಲಲ್ಲಿ ಯಾರೂ ಹಾಡಿದ್ದನ್ನು ನಾನು ಕೇಳಿಲ್ಲ.

ಮಾ ಕ್ಲೆಮಿ ತೀರಿಕೊಂಡು ಆರು ವರ್ಷಕ್ಕೆ ಅವಳ ಸಮಾಧಿಯ ಕಲ್ಲು ನಿಲ್ಲಿಸುವ ಕಾಲ ಬಂತು. ನಮ್ಮಲ್ಲಿ ಹೂಳುವುದು ತೀರಿಕೊಂಡ ದಿನವೇ ಆದರೂ ಸತ್ತವರು ನಿಜಕ್ಕೂ ಮಲಗುವುದು ಕಲ್ಲು ನಿಂತ ಮೇಲೆ. ಅದಕ್ಕೆ ಹಿಂದಿನ ರಾತ್ರಿ ಆ ಕಲ್ಲು ಸತ್ತವರ ಮನೆಯ ಮಂಚದ ಮೇಲೆ, ಬಿಳಿ ಹೊದಿಕೆ ಹೊದ್ದು, ಮನುಷ್ಯರ ಹಾಗೆ ಒಂದು ರಾತ್ರಿ ಕಳೆಯಬೇಕು. ಪಕ್ಕದಲ್ಲಿ ಉಪ್ಪು ಹಾಕದ ಅಡುಗೆಯ ತಟ್ಟೆ ಇಡಬೇಕು. ಮಾರನೆಯ ದಿನ ಸ್ಮಶಾನದಲ್ಲಿ ಕಲ್ಲು, ಆಮೇಲೆ ಊರಿಗೆಲ್ಲ ಊಟ.

ಯೂಲಾಲಿ ತನ್ನ ಮನೆಯಲ್ಲೇ ಮಂಚ ಸಿದ್ಧಮಾಡಿದ್ದಳು. ಆಗ ಮಾ ಕ್ಲೆಮಿ ಕನಸಿಗೆ ಬಂದಳು. ಒಂದು ಸಲವಲ್ಲ, ಮೂರು ಸಲ. ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಒಂದೇ ಮಾತು: "ಇದು ನಿನ್ನ ಮನೆ ಕಣೇ. ನನ್ನ ಮಂಚ ಎಲ್ಲಿ?"

ಸತ್ತವರು ಕನಸಿನಲ್ಲಿ ಕೇಳಿದರೆ ನಾವು ವಾದ ಮಾಡುವುದಿಲ್ಲ. ಬೆಳಿಗ್ಗೆ ಎದ್ದು ಯೂಲಾಲಿ ನೇರವಾಗಿ ಪಾಯಿಂಟಿಗೆ ಬಂದಳು. ಪ್ರೆಂಟಿಸ್ ಸಜ್ಜನನೇ, ನಗುನಗುತ್ತಲೇ ಇಲ್ಲ ಎನ್ನುವ ಜಾತಿಯವನು. ಅವಳು ಕೇಳಿದ್ದು ದೊಡ್ಡದೇನಲ್ಲ: ಕುಟೀರ ಬೇಡ, ಜೀಗುಜ್ಜೆ ಮರದ ಕೆಳಗೆ ಒಂದು ಮಂಚ ಹಾಕಿಕೊಳ್ಳುತ್ತೇನೆ, ಒಂದೇ ಒಂದು ರಾತ್ರಿ.

"ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ, ಮಿಸ್ ಕ್ವಾಶಿ," ಎಂದ ಪ್ರೆಂಟಿಸ್. "ಆದರೆ ಆ ಭಾಗ ಅತಿಥಿಗಳಿಗೆ ಮಾತ್ರ."

"ಅತಿಥಿಗಳಿಗೆ ಮಾತ್ರಾನಾ?"

"ಅತಿಥಿಗಳಿಗೆ ಮಾತ್ರ."

"ಇನ್ನೊಂದು ಸಲ ಹೇಳಿ ಸಾರ್, ಈ ಆಲ್ಸ್ಟಿನ್‌ಗೂ ಕೇಳಿಸ್ಲಿ."

ಅವನು ಇನ್ನೊಂದು ಸಲ ಹೇಳಿದ. ಯೂಲಾಲಿ ಥ್ಯಾಂಕ್ಸ್ ಹೇಳಿ ಹೊರಟಳು. ಅವಳು ಜಗಳವಾಡದೆ ಹೋದದ್ದು ನೋಡಿ ನನಗೇ ಕಸಿವಿಸಿಯಾಯಿತು. ಗಾಡಿಯವರೆಗೆ ಓಡಿಹೋಗಿ ಕೇಳಿದೆ: "ಅಷ್ಟಕ್ಕೇ ಬಿಟ್ಯಾ ಅಕ್ಕ?"

"ಯಾರೋ ಬಿಟ್ಟೋರು? ಅತಿಥಿ ಆಗು ಅಂತ ಅವನೇ ದಾರಿ ತೋರ್ಸಿದ್ನಲ್ಲ. ಆಗ್ತೀನಿ."

ಕಲ್ಲಿನ ಊಟಕ್ಕೆಂದು ಸಾಕಿದ್ದ ಎರಡು ಹೋರಿಗಳನ್ನು ಅವಳು ಆ ವಾರವೇ ಮಾರಿದಳು. ನೆರೆಹೊರೆಯವರು ಮೂಗುಮುರಿದರು. ಕಲ್ಲು ಎರಕ ಹೊಯ್ಯುತ್ತಿದ್ದ ಗಾರೆಯವ ಕಾಸ್ಮಸ್, ನಾನೂ ಅಲ್ಲಿದ್ದಾಗಲೇ, ಛೇಡಿಸಿದ: "ನಮ್ಮ ಬಾಯಿಗೆ ಬರೋ ಮಾಂಸಾನ ಆ ಪ್ರೆಂಟಿಸ್ ಬಾಯಿಗೆ ಹಾಕ್ತಿದೀಯಲ್ಲ ಮಾರಾಯ್ತಿ!" ಇವಳು ಹೇಳಿದಳು: "ಮೀನು ತಿನ್ನು. ಹಲ್ಲಿಲ್ಲದ ಬಾಯಿಗೆ ಅದೇ ಸರಿ." ಕಾಸ್ಮಸ್ ಇದ್ದ ನಾಲ್ಕು ಹಲ್ಲನ್ನೂ ತೋರಿಸಿ ನಕ್ಕ.

ಕೋಣೆ ಕಾಯ್ದಿರಿಸಲು ಅವಳು ಎಲ್ಲರ ಹಾಗೆ ಟೆಲಿಫೋನ್ ಮಾಡಿದಳು. ಎತ್ತಿಕೊಂಡವಳು ಮುಂಬಾಗಿಲ ಕೌಂಟರಿನ ವರ್ಲಿನ್, ನಮ್ಮೂರ ಹುಡುಗಿಯೇ. ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾವ ಕುಟೀರ ಬೇಕು ಅಕ್ಕ?"

"ಏಳು."

"ಜೀಗುಜ್ಜೆ ಬೀಳತ್ತಲ್ಲ?" ವರ್ಲಿನ್ ನಗು ತಡೆದುಕೊಂಡು ಕೇಳಿದಳು.

"ಬೀಳ್ಲಿ ಬಿಡೆ. ಇಬ್ಬರಿಗೆ. ಯೂಲಾಲಿ ಕ್ವಾಶಿ, ಕ್ಲೆಮೆಂಟಿನಾ ಕ್ವಾಶಿ."

ಕ್ಲೆಮೆಂಟಿನಾ ಎಂಬುದು ಮಾ ಕ್ಲೆಮಿಯ ಪೂರ್ತಿ ಹೆಸರು; ವರ್ಲಿನ್‌ಳ ನಗು ನಿಂತಿತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಎರಡು ಹೆಸರನ್ನೂ ಬರೆದಳು. "ಎರಡನೇ ಅತಿಥಿಗೆ ಊಟದಲ್ಲಿ ಏನಾದ್ರೂ ಪಥ್ಯ ಇದೆಯಾ?" ಎಂದು ಕೇಳಿದಳು; ಅದು ಎಲ್ಲರನ್ನೂ ಕೇಳಲೇಬೇಕಾದ ಪ್ರಶ್ನೆ.

"ಉಪ್ಪು ತಿನ್ನಲ್ಲ," ಎಂದಳು ಯೂಲಾಲಿ.

ಆ ಶನಿವಾರ ಹನ್ನೊಂದು ಗಂಟೆಗೆ ಯೂಲಾಲಿಯ ವ್ಯಾನು ಪಾಯಿಂಟಿನ ಮುಂಬಾಗಿಲಿಗೆ ಬಂತು. ಹಿತ್ತಲ ಬಾಗಿಲಿಗಲ್ಲ. ಅವಳು ಹಳದಿ ಲಂಗ, ಚರ್ಚಿನ ಟೋಪಿ ಹಾಕಿದ್ದಳು. ಹಿಂದಿನ ಸೀಟಿನಲ್ಲಿ ಕಾಸ್ಮಸ್ ಮತ್ತು ದೋಣಿ ಕಟ್ಟುವ ಇಬ್ಬರು ಅಣ್ಣತಮ್ಮಂದಿರು ಸಾಲಾಗಿ ಕೂತಿದ್ದರು; ಮೂವರ ತೊಡೆಯ ಮೇಲೆ ಬಿಳಿ ಬಟ್ಟೆ ಹೊದ್ದ ಕಲ್ಲು. ಸೀಟಿನ ಮೇಲೆ ಇಡಬಹುದಿತ್ತಲ್ಲ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಗಾರೆಯವನ ಅಂಗಳದಿಂದ ಎತ್ತಿದ ಕಲ್ಲು ಮಂಚ ಸೇರುವವರೆಗೆ ಮನುಷ್ಯರ ಮೈಮೇಲೇ ಇರಬೇಕು. ನಡುವೆ ಎಲ್ಲಿ ಕೆಳಗಿಟ್ಟರೆ ಸತ್ತವರು ಅಲ್ಲೇ ಇಳಿದುಬಿಡುತ್ತಾರೆ, ಮತ್ತೆ ಮೇಲೇಳುವುದಿಲ್ಲ.

ಸಾಮಾನು ಹೊರುವವನು ನಾನಲ್ಲವೇ? ನಾಲ್ಕನೇ ಮೂಲೆಗೆ ನಾನು ಕೈಕೊಟ್ಟೆ. ಅಮೃತಶಿಲೆಯ ನಡುಮನೆಯವರೆಗೆ ಬಂದಿದ್ದೆವು, ಪ್ರೆಂಟಿಸ್ ಎದುರಾದ.

"ಸ್ವಾಗತ ಮಿಸ್ ಕ್ವಾಶಿ," ಎಂದು ಶುರುಮಾಡಿದವನು ಬಿಳಿ ಬಟ್ಟೆ ನೋಡಿ ನಿಂತ. "ಇದೇನು ಲಗೇಜು?"

"ಲಗೇಜಲ್ಲ ಸಾರ್. ನಮ್ಮವ್ವ."

ಬಟ್ಟೆಯ ಅಂಚು ಗಾಳಿಗೆ ಎದ್ದು ಹೆಸರು ಕಂಡಿತು. ಪ್ರೆಂಟಿಸ್‌ನ ಮುಖದ ಬಣ್ಣ ಇಳಿಯಿತು. ಆಚೀಚೆ ಕುರ್ಚಿಗಳಲ್ಲಿ ಹತ್ತಾರು ಅತಿಥಿಗಳಿದ್ದರು; ಅವನು ದನಿ ತಗ್ಗಿಸಿದ. "ಇದು ಸಮಾಧಿ ಕಲ್ಲು. ನೋಡಿ, ನಿಮ್ಮ ಹಣ ಪೂರ್ತಿ ವಾಪಸ್ ಕೊಡಿಸ್ತೀನಿ."

"ಹಣ ಕೇಳಿದ್ನಾ ನಾನು? ಕೋಣೆ ಕೇಳಿದೆ. ಇಬ್ಬರ ಹೆಸರು ಬರೆಸಿದೀನಿ, ಇಬ್ಬರೂ ಬಂದಿದೀವಿ. ನಾನು ಮಾಡಿದ ತಪ್ಪೇನು ಹೇಳಿ."

ಪ್ರೆಂಟಿಸ್ ಗಡಿಯಾರ ನೋಡಿದ, ಅವನ ಮುಖ ಅರಳಿತು. "ಕೋಣೆ ಸಿದ್ಧವಾಗೋದು ಮೂರು ಗಂಟೆಗೆ. ಅದು ಎಲ್ಲರಿಗೂ ಒಂದೇ ನಿಯಮ. ಅಲ್ಲೀವರೆಗೆ ಸಾಮಾನನ್ನ ಇಲ್ಲೇ ಕೆಳಗಿಡಿ, ಅಥವಾ ವಾಪಸ್ ವ್ಯಾನಿಗೆ ಹಾಕಿ." ಆಮೇಲೆ ನನ್ನ ಕಡೆ ತಿರುಗಿ, "ಆಲ್ಸ್ಟಿನ್, ಇಡು ಅಂದೆ."

ಹನ್ನೊಂದು ವರ್ಷ ಅವನು ಎತ್ತು ಅಂದಾಗ ಎತ್ತಿದ್ದೇನೆ, ಇಡು ಅಂದಾಗ ಇಟ್ಟಿದ್ದೇನೆ. ಮೂವರು ಮಕ್ಕಳ ಅನ್ನ ಆ ಕೆಲಸದಲ್ಲಿದೆ. ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಲ್ಲಿನ ತಣ್ಣನೆಯ ಅಂಚು ಅಂಗೈಗೆ ಒತ್ತುತ್ತಿತ್ತು, ಮತ್ತು ಸಣ್ಣವನಿದ್ದಾಗ ಮಾ ಕ್ಲೆಮಿ ನನ್ನ ಕೊಳಕು ಅಂಗಿಯನ್ನು ಹೋಟೆಲಿನ ಹೊದಿಕೆಗಳ ನಡುವೆ ಸೇರಿಸಿ ಒಗೆದುಕೊಡುತ್ತಿದ್ದುದು ನೆನಪಾಯಿತು.

"ಇಡೋ ಹಾಗಿಲ್ಲ ಸಾರ್," ಎಂದೆ. "ಇಲ್ಲಿ ಇಳಿಸಿದ್ರೆ ಆಕೆ ಇಲ್ಲೇ ಇಳೀತಾಳೆ. ಆಮೇಲೆ ದಿನಾ ನಿಮ್ಮ ನಡುಮನೆಯಲ್ಲೇ ಇರ್ತಾಳೆ."

"ಹಾಗಾದ್ರೆ ಹಿಡ್ಕೊಂಡೇ ನಿಂತಿರಿ," ಎಂದ ಪ್ರೆಂಟಿಸ್. ನಾಲ್ಕು ಗಂಟೆ ಹೊತ್ತು ಯಾರು ನಿಂತಾರು ಎಂಬ ಲೆಕ್ಕಾಚಾರ ಅವನದು.

ಯೂಲಾಲಿ ಎದುರಿನ ಮೆತ್ತನೆಯ ಕುರ್ಚಿಯಲ್ಲಿ ಕೂತಳು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. "ನಿಲ್ತಾರೆ," ಎಂದಳು.

ನಿಂತೆವು. ಅರ್ಧ ಗಂಟೆಗೆ ತೋಳು ನಡುಗತೊಡಗಿತು. ಕಾಸ್ಮಸ್ ತನ್ನ ಕೈಯ ಕೆಲಸವನ್ನೇ ಬೈದುಕೊಂಡ: "ಸಿಮೆಂಟು ಒಂದು ಹಿಡಿ ಕಮ್ಮಿ ಹಾಕಿದ್ರೆ ನನ್ನಪ್ಪನ ಗಂಟೇನು ಹೋಗ್ತಿತ್ತೋ!" ಅವನಿಗೆ ಎಪ್ಪತ್ತೆರಡು ವರ್ಷ. ಮೊಣಕಾಲು ಬಾಗುತ್ತಿರುವುದು ನನಗೆ ಕಾಣುತ್ತಿತ್ತು. ಯೂಲಾಲಿಯ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡೆ. ಅವನೊಬ್ಬ ಕುಸಿದರೆ ಮುಗಿಯಿತು. ಮಾ ಕ್ಲೆಮಿ ಆ ಅಮೃತಶಿಲೆಯ ನೆಲದಲ್ಲಿ, ಅಪರಿಚಿತರ ಕಾಲುಗಳ ನಡುವೆ, ಶಾಶ್ವತವಾಗಿ ಇಳಿದುಹೋಗುತ್ತಿದ್ದಳು.

ಆಗ ಹಿತ್ತಲಿನಿಂದ ಬರ್ನಡೀನ್ ಬಂದಳು. ಮಾ ಕ್ಲೆಮಿಯ ಜೊತೆ ಒಗೆದವಳು, ಈಗ ಒಗೆಯುವವರಿಗೆಲ್ಲ ಹಿರಿಯಳು. ಸೋಪಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ನಡುಮನೆಗೆ ಕಾಲಿಟ್ಟಳು. ಕೆಲಸದವರು ಅಲ್ಲಿಗೆ ಬರಬಾರದೆಂಬ ಬೋರ್ಡಿನ ಕೆಳಗಿಂದಲೇ ಬಂದಳು. "ಸರಿಯೋ ಮುದುಕ," ಎಂದು ಕಾಸ್ಮಸನನ್ನು ಸೊಂಟದಿಂದ ತಳ್ಳಿ ಅವನ ಮೂಲೆಗೆ ಭುಜ ಕೊಟ್ಟಳು. "ಇವಳ ಒದ್ದೆ ಹೊದಿಕೆ ಹೊತ್ತಿದೀನಿ ನಾನು. ಇವಳು ನನಗೆ ಭಾರಾನಾ?"

ಅವಳ ಹಿಂದೆ ಉಳಿದ ಐವರು ಒಗೆಯುವವರು ಬಂದರು. ತೋಟದವರು ಬಂದರು. ಪಾಳಿ ಹಾಕಿಕೊಂಡೆವು, ಹತ್ತು ನಿಮಿಷಕ್ಕೊಬ್ಬರು ಒಳಗೆ, ಒಬ್ಬರು ಹೊರಗೆ. ಒಂದು ಗಂಟೆಯ ಹೊತ್ತಿಗೆ ಅಡುಗೆಯ ಎಜ್ರಾ ಒಲೆ ಆರಿಸಿ, ಬಿಳಿ ಟೋಪಿ ಹಾಕಿಕೊಂಡೇ ಬಂದು ನನ್ನ ಮೂಲೆ ಹಿಡಿದ. ಊಟದ ಮನೆಯಲ್ಲಿ ಅತಿಥಿಗಳು ಖಾಲಿ ತಟ್ಟೆ ನೋಡುತ್ತ ಕೂತಿದ್ದರು. ಪ್ರೆಂಟಿಸ್ ಅತ್ತಿಂದಿತ್ತ ಓಡಾಡಿದ, ಒಬ್ಬೊಬ್ಬರ ಹೆಸರು ಹಿಡಿದು ಕರೆದ. ಯಾರೂ ಅಲುಗಾಡಲಿಲ್ಲ.

ಆಮೇಲೆ ಬರ್ನಡೀನ್ ಹಾಡಲು ಶುರುಮಾಡಿದಳು. ದೋಣಿಯನ್ನು ನೀರಿಗೆ ಎಳೆಯುವಾಗ ನಾವು ಹಾಡುವ ಹಾಡು. ಒಬ್ಬರು ಹೇಳಿ ಉಳಿದವರು ದನಿ ಕೊಡುವಂಥದ್ದು. ಒಗೆಯುವವರೆಲ್ಲ ದನಿ ಸೇರಿಸಿದರು. ಪಾಯಿಂಟಿನಲ್ಲಿ ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯೂಲಾಲಿ ಕುರ್ಚಿಯಿಂದ ಎದ್ದು ನಿಂತಳು. "ಕೇಳಿಸ್ತಾ ಸಾರ್?" ಎಂದಳು ಪ್ರೆಂಟಿಸ್‌ಗೆ. "ಇನ್ಮುಂದೆ ನಿಮ್ಮ ಹೋಟ್ಲಿಗೆ ಧೈರ್ಯವಾಗಿ ಜನ ಕರ್ಕೊಂಡು ಬರ್ತೀನಿ."

ಎರಡು ಗಂಟೆಗೆ ಪ್ರೆಂಟಿಸ್ ಏಳನೇ ಕುಟೀರದ ಬೀಗದ ಕೈಯನ್ನು ತಾನೇ ತಂದ.

"ಇನ್ನೂ ಮೂರಾಗಿಲ್ವಲ್ಲ?" ಎಂದಳು ಯೂಲಾಲಿ.

"ಕೋಣೆ ಬೇಗ ಸಿದ್ಧವಾಯ್ತು," ಎಂದ ಅವನು ನೆಲ ನೋಡುತ್ತ.

"ಸಂತೋಷ. ಬಂದೋರಿಗೆಲ್ಲ ಸ್ವಾಗತದ ಶರಬತ್ತು ಕೊಡ್ತೀರಲ್ಲ? ನಮಗೆ ಕೊಟ್ಟಿಲ್ಲ. ಎರಡು ಲೋಟ."

ಎರಡು ಲೋಟ ಬಂತು. ಒಂದನ್ನು ಅವಳು ಒಂದೇ ಗುಟುಕಿಗೆ ಕುಡಿದಳು. ಇನ್ನೊಂದನ್ನು ಜೀಗುಜ್ಜೆಯ ಬುಡಕ್ಕೆ ಸುರಿದಳು.

ಮಾ ಕ್ಲೆಮಿಯನ್ನು ಏಳನೇ ಕುಟೀರದ ಆ ಅಗಲ ಮಂಚದ ಮೇಲೆ ಮಲಗಿಸಿದೆವು. ಬರ್ನಡೀನ್ ತನ್ನ ಕೈಯಾರೆ ಒಗೆದು ಇಸ್ತ್ರಿ ಮಾಡಿದ ಹೊದಿಕೆಯನ್ನು ಕಲ್ಲಿನ ಕುತ್ತಿಗೆಯವರೆಗೆ ಎಳೆದು, ಅಂಚನ್ನು ಒಳಗೆ ಮಡಿಚಿದಳು. "ನೀನು ಮಡಿಚೋ ಥರಾನೇ ಮಡಿಚಿದೀನಿ, ತಪ್ಪು ಹುಡುಕಬೇಡ," ಎಂದು ಕಲ್ಲಿಗೆ ಹೇಳಿದಳು. ಎಜ್ರಾ ಉಪ್ಪು ಹಾಕದೆ ಜೋಳದ ಮುದ್ದೆ, ತೊಗರಿಕಾಳು, ಮೀನು ಮಾಡಿ, ಹೋಟೆಲಿನ ಅತಿ ದುಬಾರಿ ತಟ್ಟೆಯಲ್ಲಿ ಬೆಳ್ಳಿಯ ಮುಚ್ಚಳ ಮುಚ್ಚಿ ತಂದಿಟ್ಟ. ಸಂಜೆ ಹಾಸಿಗೆ ಸರಿಮಾಡಲು ಬಂದವಳು ದಿಂಬಿನ ಮೇಲೆ ಎಂದಿನಂತೆ ಒಂದೊಂದು ಚಾಕೊಲೇಟು ಇಟ್ಟು ಹೋದಳು. ಕಲ್ಲಿನ ತಲೆಯ ಬಳಿಯೂ ಒಂದು.

ಯೂಲಾಲಿ ತನ್ನ ಪರೀಕ್ಷೆ ಬಿಡಲಿಲ್ಲ. ಚಪ್ಪಲಿ ಬಿಟ್ಟು ತಾಯಿಯ ಪಕ್ಕ ಮಲಗಿ, ಕಣ್ಣು ಮುಚ್ಚಿ ನೂರು ಎಣಿಸಿದಳು. ನಾನು ಬಾಗಿಲಲ್ಲಿದ್ದೆ.

"ಹೇಗಿದೆ ಅಕ್ಕ?"

"ಸದ್ದಿಲ್ಲ. ಹಾಸಿಗೆ ಚೆನ್ನಾಗಿದೆ." ಆಮೇಲೆ ಕಣ್ಣು ಬಿಟ್ಟು ಗಾಜಿನ ಗೋಡೆಯ ಕಡೆ ನೋಡಿದಳು. "ಕಿಟಕಿ ಮಾತ್ರ ತಪ್ಪು ಕಡೆ ಇಟ್ಟಿದಾರೆ ಕಣೋ. ಸೂರ್ಯ ಮುಳುಗೋದು ನೋಡೋಕೆ ಅಂತ ಪಡುವಣಕ್ಕೆ ಇಟ್ಟಿದಾರೆ. ನಮ್ಮ ಮನೆ ಕಿಟಕಿ ದೋಣಿ ಬಂದುಹೋಗೋ ಕಡಲ ಓಣಿ ಕಡೆಗಿತ್ತು. ತಾತನ ದೋಣಿ ವಾಪಸ್ ಬರೋದು ಅವ್ವ ಮಲಗಿದಲ್ಲಿಂದಲೇ ನೋಡ್ತಿದ್ಲಂತೆ."

ಇಷ್ಟು ಹೇಳಿ ಅವಳು ಅತ್ತಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತೆ, ಅದರಲ್ಲೇನು ನಾಚಿಕೆ? ಬಾಗಿಲು ಎಳೆದುಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ಕಲ್ಲನ್ನು ಹೊತ್ತು, ಮುಂಬಾಗಿಲಿನಿಂದಲೇ ಹೊರಟು, ಸ್ಮಶಾನದಲ್ಲಿ ನಿಲ್ಲಿಸಿದೆವು. ಕಡಲ ಓಣಿಯ ಕಡೆ ಮುಖಮಾಡಿಸಿದೆವು. ಊಟಕ್ಕೆ ಹೋರಿಯ ಮಾಂಸ ಇರಲಿಲ್ಲ. ಮೀನು, ಜೋಳ, ರಮ್ಮು ಇತ್ತು. ಕಾಸ್ಮಸ್ ಮೂರು ಸಲ ಬಡಿಸಿಕೊಂಡ. ಸೋಮವಾರ ಕೆಲಸಕ್ಕೆ ಹೋದಾಗ ಪ್ರೆಂಟಿಸ್ ನನ್ನನ್ನು ಕರೆದು ಏನೋ ಹೇಳಲು ಬಾಯಿ ತೆರೆದ, ಕಿಟಕಿಯ ಆಚೆ ಒಗೆಯುವವರ ಕಡೆ ನೋಡಿದ, ಬಾಯಿ ಮುಚ್ಚಿದ. "ಮೂರನೇ ಕುಟೀರದವರ ಪೆಟ್ಟಿಗೆ ಇಳಿಸು" ಎಂದ. ಇಳಿಸಿದೆ.

ಯೂಲಾಲಿ ಅದಾದ ಮೇಲೂ ನಾಲ್ಕು ವರ್ಷ ಗಾಡಿ ಓಡಿಸಿದಳು, ತೀರಿಕೊಳ್ಳುವ ಹಿಂದಿನ ವಾರದವರೆಗೆ. ಜೀಗುಜ್ಜೆಯ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ. ಒಮ್ಮೆ ಒಬ್ಬ ಹಣವಂತ, ಹೆಂಡತಿಯ ಜೊತೆ ಮೂರು ಹೋಟೆಲನ್ನೂ ಸುತ್ತಿ, ಮಧ್ಯಾಹ್ನದ ಬಿಸಿಲಲ್ಲಿ ಏಳನೇ ಕುಟೀರದ ಮುಂದೆ ನಿಂತು ಅನುಮಾನಿಸುತ್ತಿದ್ದ. ಹಿತ್ತಲಲ್ಲಿ ಹಾಡು ಕೇಳಿಸುತ್ತಿತ್ತು. ನಾನು ಪೆಟ್ಟಿಗೆ ಹಿಡಿದು ಕಾಯುತ್ತಿದ್ದೆ.

"ನಿಜ ಹೇಳಿ," ಎಂದ ಅವನು ಯೂಲಾಲಿಗೆ. "ನಿಮಗೆ ಗೊತ್ತಿರೋರು ಯಾರಾದ್ರೂ ಇಲ್ಲಿ ಉಳ್ಕೊಂಡಿದಾರಾ?"

"ನಮ್ಮವ್ವ ಉಳ್ಕೊಂಡಿದ್ಲು."

"ಅವರಿಗೆ ಹೇಗನ್ನಿಸ್ತು?"

ಯೂಲಾಲಿ ಟೋಪಿ ತೆಗೆದು ಗಾಳಿ ಬೀಸಿಕೊಂಡಳು. "ಅದಕ್ಕೆ ಮುಂಚೆ ದಿನಾ ಬಂದು ನನ್ನ ತಲೆ ತಿನ್ನೋಳು, ಮಂಚ ಎಲ್ಲಿ, ಮಂಚ ಎಲ್ಲಿ ಅಂತ," ಎಂದಳು. "ಇಲ್ಲಿ ಒಂದು ರಾತ್ರಿ ಮಲಗಿದ್ಲು ನೋಡಿ. ಆಮೇಲೆ ಇವತ್ತಿನವರೆಗೂ ಒಂದು ದೂರಿಲ್ಲ."